ನೀಲಿ ಕ್ಯಾನಿನ ತೂಕ

ಮನೆ ಸಾಮಾನು ಸಾಗಿಸುವ ನಮ್ಮ ಲಾರಿಯವರೆಲ್ಲ ನನ್ನ ಭಾವನನ್ನು ‘ಬೀರು’ ಎಂದೇ ಕರೆಯುತ್ತಾರೆ. ಒಂದು ಕಾಲದಲ್ಲಿ ಕಬ್ಬಿಣದ ಬೀರುವಿಗೆ ಪಟ್ಟಿ ಕಟ್ಟಿ, ಬೆನ್ನ ಮೇಲೆ ಒಬ್ಬರೇ ಮೂರು ಮಹಡಿ ಹತ್ತಿಸಿದ ಆಸಾಮಿ. ಹದಿನಾಲ್ಕು ವರ್ಷದಿಂದ ನಾವಿಬ್ಬರೂ ಜೋಡಿ. ಮೆಟ್ಟಿಲಲ್ಲಿ ಭಾರವೆಲ್ಲ ಕೆಳಗಿನ ತುದಿ ಹಿಡಿದವನಿಗೆ. ಆ ತುದಿ ಯಾವಾಗಲೂ ಭಾವನದು.

ಹೋದ ತಿಂಗಳು ಸೊಂಟ ಹಿಡಿದಿದೆ ಎಂದು ಅವರು ಮೇಲಿನ ತುದಿಗೆ ಸೇರಿಕೊಂಡರು. ಕೆಳಗಿನದು ನನ್ನ ತಲೆಗೆ ಬಂತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವಂತೆ. ಅದೇ ಹೊತ್ತಿಗೆ ಸರಿಯಾಗಿ, ಗೋದಾಮಿನಲ್ಲಿ ಕೂತು ಪಾತ್ರೆಗಳಿಗೆ ಕಾಗದ ಸುತ್ತುವ ಕೆಲಸಕ್ಕೆ ಒಂದು ಜಾಗ ತೆರವಾಗಿತ್ತು. ಇದರಲ್ಲೇನೋ ಮಸಲತ್ತಿದೆ ಎನ್ನಿಸಿತು.

ಯಜಮಾನರು ನನ್ನನ್ನೇ ಕರೆದರು. “ನಿನ್ನ ಭಾವ ಆ ಜಾಗ ಕೇಳ್ತಿದಾನೆ. ನೋವು ನಿಜಾನಾ, ನಾಟಕಾನಾ?”

“ಎರಡು ದಿನ ಕೊಡಿ, ನೋಡಿ ಹೇಳ್ತೀನಿ,” ಎಂದೆ.

ಬೇಕೆಂದೇ ಬೀಗದ ಕೈ ಕೆಳಗೆ ಬೀಳಿಸಿದೆ. ಭಾವ ಗೋಡೆ ಹಿಡಿದು, ಮಂಡಿಯೂರಿ ಎತ್ತಿಕೊಟ್ಟರು. ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ ಎಂದುಕೊಂಡೆ. ಸಂಜೆ ಅಕ್ಕನ ಮನೆಯೆದುರಿನ ಅಂಗಡಿಯಲ್ಲಿ ನಿಂತಿದ್ದಾಗ ಕಳ್ಳ ಸಿಕ್ಕಿಬಿದ್ದ. ಕೆಳಗಿನ ನಲ್ಲಿಯಿಂದ ದೊಡ್ಡ ನೀಲಿ ಕ್ಯಾನನ್ನು ಹೆಗಲಿಗೇರಿಸಿ, ನೆರೆಯವರನ್ನೆಲ್ಲ ಮಾತಾಡಿಸುತ್ತ ಭಾವ ಮೆಟ್ಟಿಲು ಹತ್ತುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆಯೇ ಹೋಗಿ ‘ನಾಟಕ’ ಎಂದುಬಿಟ್ಟೆ. ಮಧ್ಯಾಹ್ನದೊಳಗೆ ಆ ಜಾಗ ಬೇರೆಯವನ ಪಾಲಾಯಿತು. ಕೆಳಗಿನ ತುದಿಗೆ ಮತ್ತೆ ಭಾವನೇ ಎಂದು ಯಜಮಾನರು ಹುಕುಂ ಮಾಡಿದರು.

ಅಂದು ಸಂಜೆ ಹಂಗಿಸಲೆಂದೇ ಅಕ್ಕನ ಮನೆ ಬಾಗಿಲಲ್ಲಿ ಕಾದೆ. ಭಾವ ಬಂದು ಕ್ಯಾನ್ ಇಳಿಸಿದರು.

“ಬಿಡಿ ಭಾವ, ನಾನೇ ಒಳಗಿಡ್ತೀನಿ. ಪಾಪ, ಸೊಂಟ ನೋವಲ್ವಾ,” ಎಂದು ಕಾಲೂರಿ, ಉಸಿರು ಬಿಗಿಹಿಡಿದು ಎತ್ತಿದೆ. ಕ್ಯಾನ್ ಮೇಲೆದ್ದು ಬಾಗಿಲ ಚೌಕಟ್ಟಿಗೆ ಬಡಿಯಿತು. ಅದರಲ್ಲಿ ಒಂದು ಹನಿ ನೀರಿರಲಿಲ್ಲ.

ಹಿಂದೆಯೇ ಎರಡು ತುಂಬಿದ ಬಕೆಟ್ ಹಿಡಿದು ಅಕ್ಕ ಏದುಸಿರು ಬಿಡುತ್ತ ಬಂದಳು. “ಬೀರು ಅನ್ನಿಸ್ಕೊಂಡೋರು ಬರಿಗೈಲಿ ಹತ್ತಿದ್ರೆ ಬೀದಿಯವರು ನಗ್ತಾರಂತೆ ಕಣೋ. ಅದಕ್ಕೇ ದಿನಾ ಇದನ್ನ ಹೊರ್ತಾರೆ,” ಎಂದಳು.

ನಡಿಗೆ ನೋಡಿಯೇ ಹೊರೆಯ ತೂಕ ಹೇಳಬಲ್ಲೆ ಎಂದು ಜಂಬ ಕೊಚ್ಚುವವನು ನಾನು. ನಾಚಿಕೆಯಿಂದ ಕುಗ್ಗಿಹೋದೆ.

ಮರುದಿನ ಫ್ರಿಜ್ ಒಂದನ್ನು ಹತ್ತಿಸಬೇಕಿತ್ತು. ಭಾವ ಕೆಳಗಿನ ತುದಿಗೆ ನಡೆದರು. ಅವರನ್ನು ಸರಿಸಿ ಆ ತುದಿ ನಾನು ಹಿಡಿದೆ.

ಭಾವ ಮೇಲಿನ ತುದಿಗೆ ಹೋಗಲಿಲ್ಲ. ನನ್ನನ್ನೇ ದಿಟ್ಟಿಸಿ ಕೇಳಿದರು: “ಯಜಮಾನರಿಗೆ ಏನು ಹೇಳಿದೆ ನೀನು?”