ನಕ್ಷತ್ರದ ತವರು ಬಲ್ಲ ವರ

ಹುಡುಗಿ ನೋಡಲು ಬಂದ ವರ ಅವಲಕ್ಕಿ ತಾಟಿನಲ್ಲಿ ಶೇಂಗಾ ಕಾಳುಗಳನ್ನು ಸಾಲಾಗಿ ಜೋಡಿಸುತ್ತ ಕೂತರೆ ನೀವೇನು ಅಂದುಕೊಳ್ಳುತ್ತೀರಿ? ನಾನಂತೂ ಪಾಪ, ಹಸಿವಿಲ್ಲ ಅಂದುಕೊಂಡೆ. ಅಲ್ಲ, ಅದು ಖಗೋಳವಂತೆ!

ಹೋದ ರವಿವಾರ ಖಾನಾಪುರದಲ್ಲಿ, ನನ್ನ ತಂಗಿಯ ಮನೆಯಲ್ಲಿ ನಡೆದ ಮಾತಿದು. (ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಅದೂ ಶಿವನ ದಯೆಯೇ.) ಹುಡುಗಿ ತಂಗಿಯ ಮಗಳು ನೀಲವ್ವ, ನಾನು ಅವಳ ಮಾವಶಿ; ಅವಳು ಅಲ್ಲೇ ಶಾಲೆಯಲ್ಲಿ ಟೀಚರ್. ವರ ಬೆಳಗಾವಿಯ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್.

"ದೊಡ್ಡ ಗ್ಯಾಲಕ್ಸಿ ಬಾಜೂಕಿನ ಸಣ್ಣ ಗ್ಯಾಲಕ್ಸಿನ ನುಂಗತೈತ್ರಿ," ಎಂದು ಆತ ಪಾಠ ಶುರು ಮಾಡಿದ. ಗ್ಯಾಲಕ್ಸಿ ಎಂದರೆ ಕೋಟಿಗಟ್ಟಲೆ ನಕ್ಷತ್ರಗಳ ಒಂದು ಸಂಸಾರ. ನುಂಗಿದರೂ ಸಣ್ಣದರ ನಕ್ಷತ್ರಗಳು ಅಷ್ಟು ಬೇಗ ಕಲೆತುಹೋಗುವುದಿಲ್ಲವಂತೆ. ದೊಡ್ಡದರ ಹೊರಸುತ್ತಿನ ಮಬ್ಬಿನಲ್ಲಿ ಹೊಳೆಯ ಹಾಗೆ ಸಾಲು ಹಿಡಿದು ಜೊತೆಯಾಗಿಯೇ ತಿರುಗುತ್ತಿರುತ್ತವೆ ಎಂಬುದು ಈಗಿನ ವಿಜ್ಞಾನಿಗಳ ಅಂದಾಜಂತೆ.

"ಅಂದ್ರ, ತವರು ಯಾವ್ದಂತ ಗುರುತು ಸಿಗತೈತೇನ್ರಿ?" ಎಂದೆ.

"ನಡಿಗಿ ನೋಡಿದ್ರ ಸಿಗಬೇಕ್ರಿ, ಮಾವಶಿ! ಕೋಟಿ ವರ್ಷ ಆದ್ರೂ ಅಳಸೂದಿಲ್ಲ."

ಹುಡುಗನ ಕಣ್ಣು ಹೊಳೆದವು. ನನಗೂ ಹಿಡಿಸಿಬಿಟ್ಟ. ಎಂಥ ಮೂರ್ಖಳು ನಾನು!

ಅಷ್ಟರಲ್ಲಿ ಅವನ ತಾಯಿ ಬಾಯಿ ತೆರೆದರು. "ನೀಲವ್ವ ಅಂದ್ರ ಭಾಳ ಹಳೀದಾತ್ರಿ. ಲಗ್ನದಾಗ ಅಕ್ಕಿ ಮ್ಯಾಲ ಸ್ಮಿತಾ ಅಂತ ಬರಸೂಣು. ಸೊಸಿ ಹೆಸರು ಬದಲಿ ಮಾಡೂದು ನಮ್ಮ ಮನ್ಯಾಗ ಪದ್ಧತಿ ಐತಿ."

ತಂಗಿಯ ಮುಖ ಬಿಳಚಿಕೊಂಡಿತು. ಎರಡು ಕೂಸು ಮಣ್ಣಿಗಿಟ್ಟ ಮೇಲೆ, ಈ ಸಲ ಉಳಿದರೆ ಬಸವಣ್ಣನವರ ಹೆಂಡತಿಯ ಹೆಸರಿಡುತ್ತೇನೆ ಎಂದು ಹರಕೆ ಹೊತ್ತು ಪಡೆದ ಮಗಳು ನೀಲವ್ವ.

ನೀಲವ್ವ ನೇರ ವರನನ್ನೇ ಕೇಳಿದಳು: "ನೀವೇನಂತೀರ್ರಿ, ಸರ?"

ಸರ್ ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು. "ಅವ್ವ ಹೇಳಿದಂಗ. ಇಂಥಾ ಸಣ್ಣ ಮಾತಿನ್ಯಾಗ ನಾ ಬರೂದಿಲ್ರಿ."

ಯಾವುದೋ ನಕ್ಷತ್ರದ ತವರನ್ನು ಕೋಟಿ ವರ್ಷದ ಮೇಲೂ ಹುಡುಕುವ ಪಂಡಿತರಿಗೆ, ಎದುರಿಗೆ ಕೂತ ಹುಡುಗಿಯ ಹೆಸರು ಸಣ್ಣ ಮಾತು! ಇವರ ದುರ್ಬೀನಿಗೆ ಮನೆಯೊಳಗಿನದು ಕಾಣುವುದೇ ಇಲ್ಲವೇ?

"ಹಂಗಾದ್ರ ಸ್ಮಿತಾ ಅನ್ನಾಕಿನ್ನ ಹುಡುಕ್ಕೋರ್ರಿ. ನಾ ನೀಲವ್ವ," ಎಂದವಳೇ ತಾಟು ಎತ್ತಿಕೊಂಡು ಒಳಗೆ ಹೋದಳು.

ಈಗ ಓಣಿಯವರೆಲ್ಲ ತಂಗಿಗೆ ಸಮಾಧಾನ ಹೇಳಲು ಬರುತ್ತಿದ್ದಾರೆ. "ಒಂದ್ ಹೆಸರಿನ ಸಲುವಾಗಿ ಇಂಥಾ ನೌಕರಿದಾರ ವರನ್ನ ಬಿಟ್ರೇನವಾ?" ತಾಳಿ ಕೊರಳಿಗೆ ಬೀಳುವ ಮೊದಲೇ ತಿಳಿಯಿತಲ್ಲ, ಅದು ಶಿವ ಮಾಡಿದ ಉಪಕಾರವಲ್ಲವೇ? ನಿಮ್ಮ ಸಮಾಧಾನ ನೀವೇ ಇಟ್ಟುಕೊಳ್ಳಿ. ಬರುವಾಗ ಬಾಯಿ ಸಿಹಿಗೆ ಒಂದಿಷ್ಟು ಕುಂದಾ ತರಬಾರದೇ?