ಸ್ಕೋರ್ ಬುಕ್ಕು ನನಗೆ, ತಂಡ ಅವರಿಗೆ

ಬೇಸ್‌ಬಾಲ್ ತಂಡಕ್ಕೆ ಮ್ಯಾನೇಜರನ್ನು ಹೇಗೆ ಆರಿಸಬೇಕೆಂದು ಟೊರಾಂಟೊ ಪಕ್ಕದ ಕ್ಲೈನ್‌ಬರ್ಗಿನ ಆ ಕನ್ನಡಿಗರ ಮನೆಯ ಬೇಸ್‌ಮೆಂಟಿನಲ್ಲಿ ಕೂತಿದ್ದ ಅಷ್ಟೂ ಗಂಡಸರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ತಂಡ ನಡೆಸುವವರಿಗೆ ಮಾತ್ರ. ಅದು 2018ರ ಶರತ್ಕಾಲ. ನಾವೆಲ್ಲ ಅಭಿಮಾನಿಗಳಾಗಿದ್ದ ಟೊರಾಂಟೊ ವೃತ್ತಿಪರ ತಂಡದ ಹಳೆಯ ಮ್ಯಾನೇಜರ್ ಹೋಗಿ, ಹೊರಗಿನಿಂದ ಹೊಸಬ ಬಂದಿದ್ದ. ಆ ಸುದ್ದಿ ಬಂದ ಭಾನುವಾರ ಆ ಮನೆಯ ಯಜಮಾನರ ಬಾಯಿ ಮುಚ್ಚಿಸಲು ಅವರ ಹೆಂಡತಿ ತಂದಿಟ್ಟ ಕೋಡುಬಳೆಗೂ ಆಗಲಿಲ್ಲ. ಮೈಸೂರಿನ ಕಡೆಯ ಎಂಜಿನಿಯರ್ ಅವರು, ನಮ್ಮ ಗುಂಪಿಗೆಲ್ಲ ಹಿರಿಯರು.

"ಅಲ್ಲ ಕಣ್ರೀ, ವರ್ಷಗಟ್ಲೆ ಟೀಮ್ ಜೊತೆ ಕೂತು ಒಬ್ಬೊಬ್ಬ ಪ್ಲೇಯರ್ ಜಾತಕಾನೂ ತಿಳ್ಕೊಂಡಿರೋರು ಒಳಗೇ ಇಲ್ವಾ? ಅವರನ್ನ ಬಿಟ್ಟು ಹೊರಗಡೆಯಿಂದ ತರ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇದೇ ಅದು!" ಎಂದು ತೊಡೆ ತಟ್ಟಿದರು.

"ಇನ್ಸಲ್ಟು ಸಾರ್, ಪ್ಯೂರ್ ಇನ್ಸಲ್ಟು," ಎಂದರು ಉಳಿದವರು. ನಾನೂ ತಲೆಯಾಡಿಸಿದೆ. ಎಲ್ಲರಿಗಿಂತ ಜೋರಾಗಿ ಆಡಿಸಿದೆನೆಂದೇ ನೆನಪು, ಅದಕ್ಕೆ ನನ್ನದೇ ಕಾರಣವಿತ್ತು.

ಈ ಗಂಡಸರಿಗೆಲ್ಲ ಬೇಸ್‌ಬಾಲ್ ಹುಚ್ಚು ಹಿಡಿದದ್ದು 2015ರಲ್ಲಿ, ತಂಡ ಪ್ಲೇಆಫ್‌ಗೆ ಹೋಗಿ ಊರಿಗೆ ಊರೇ ನೀಲಿ ಅಂಗಿ ತೊಟ್ಟಾಗ. ನನಗೆ ಅದಕ್ಕೂ ಮೊದಲೇ ಹಿಡಿದಿತ್ತು. ನಾನು ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಲಾರಿಗಳಿಗೆ ಸರಕು ತುಂಬಿಸುತ್ತಿದ್ದ ಮುದುಕನೊಬ್ಬ ಮಧ್ಯಾಹ್ನದ ಪಂದ್ಯಗಳನ್ನು ರೇಡಿಯೋದಲ್ಲಿ ಕೇಳುತ್ತಾ, ಪೆನ್ಸಿಲ್ಲಿನಲ್ಲಿ ಒಂದೊಂದು ಎಸೆತವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದ. ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂತು ನಾನೂ ಕಲಿತೆ. ಯಾರು ಹೊಡೆದರು, ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಓಡಿ ಮುಟ್ಟಬೇಕಾದ ನಾಲ್ಕು ಬೇಸುಗಳಲ್ಲಿ ಯಾರು ಯಾವುದರಲ್ಲಿ ಔಟಾದರು, ಎಲ್ಲಕ್ಕೂ ಒಂದು ಗುರುತು. ಹಾಗೆ ಬರೆದಿಟ್ಟರೆ ಕಣ್ಣಿಗೆ ಕಾಣದ ಆಟವನ್ನೂ ಮತ್ತೊಮ್ಮೆ ಪೂರ್ತಿ ಓದಬಹುದು. ಆ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿದ್ದಿಲ್ಲ.

ಹುಚ್ಚು ಹೆಚ್ಚಾಗಿ ನಮ್ಮವರೇ ಒಂದು ಸಾಫ್ಟ್‌ಬಾಲ್ ತಂಡ ಕಟ್ಟಿದರು. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ: ಚೆಂಡು ತುಸು ದೊಡ್ಡದು, ಮೈದಾನ ತುಸು ಚಿಕ್ಕದು. ಮೊದಲ ಬೇಸಿಗೆಯಲ್ಲಿ ಎಲ್ಲರೂ ಚೆಂಡು ಹೊಡೆದು ಬ್ಯಾಟು ಕೈಯಲ್ಲಿ ಹಿಡಿದೇ ಓಡಿದರು, ಹುಟ್ಟಾ ಕ್ರಿಕೆಟಿಗರಲ್ಲವೇ. ಒಬ್ಬರಂತೂ ಬೇಸ್ ಮುಟ್ಟುವ ಮೊದಲು ಬ್ಯಾಟು ನೆಲಕ್ಕೆ ತಾಗಿಸಿ ಹೆಮ್ಮೆಯಿಂದ ನಿಂತರು, ಅಷ್ಟರಲ್ಲಿ ಔಟಾದರು. "ಬ್ಯಾಟು ಬಿಸಾಡಿ ಮಾರಾಯ್ರೆ!" ಎಂದು ನಾನು ಗಂಟಲು ಹರಿದುಕೊಂಡೆ. ಮೂರು ಬೇಸಿಗೆ ಅವರ ಸ್ಕೋರ್ ಬುಕ್ ಬರೆದೆ. ಯಾರು ಎಡಕ್ಕೆ ಹೊಡೆಯುತ್ತಾರೆ, ಯಾರಿಗೆ ನಿಧಾನದ ಎಸೆತ ಆಗದು, ಯಾರನ್ನು ಯಾರ ಹಿಂದೆ ಆಡಿಸಿದರೆ ಓಟ ಬರುತ್ತದೆ ಎಂದು ಕೇಳಿದಾಗೆಲ್ಲ ಹೇಳಿದೆ. ಯಾರ ಹಿಂದೆ ಯಾರು ಆಡಬೇಕೆಂಬ ಸರದಿಯ ಪಟ್ಟಿ ಮಾಡುತ್ತಿದ್ದದ್ದೂ ನಾನೇ. ಹೆಸರು ಮಾತ್ರ ಮ್ಯಾನೇಜರಾಗಿದ್ದವರದ್ದು.

ಆ ಮ್ಯಾನೇಜರು ಕೆಲಸ ಬದಲಾಗಿ ಕ್ಯಾಲ್ಗರಿಗೆ ಹೊರಟರು. ಮರುವರ್ಷ ಹಿಮ ಕರಗುವ ಹೊತ್ತಿಗೆ ಅದೇ ಬೇಸ್‌ಮೆಂಟಿನಲ್ಲಿ ಮತ್ತೆ ಸಭೆ. ಈಗ ನಮ್ಮ ತಂಡಕ್ಕೇ ಮ್ಯಾನೇಜರ್ ಬೇಕಿತ್ತು. ಯಾರಾದರೂ ನನ್ನ ಹೆಸರು ಎತ್ತುತ್ತಾರೆಂದು ಕಾದೆ. ಎತ್ತಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡು, ಯೂನಿಯನ್‌ವಿಲ್‌ಗೆ ಹೊಸದಾಗಿ ಬಂದಿದ್ದ ಬೆಂಗಳೂರಿನ ಸಾಫ್ಟ್‌ವೇರ್ ತರುಣನೊಬ್ಬನತ್ತ ಕೈ ತೋರಿಸಿದರು. ಯೂನಿವರ್ಸಿಟಿ ಮಟ್ಟದಲ್ಲಿ ಕ್ರಿಕೆಟ್ ಆಡಿದ್ದನಂತೆ. ಬೇಸ್‌ಬಾಲ್? "ಕಲ್ತ್ಕೋತಾನೆ ಬಿಡಿ, ಬ್ಯಾಟು ಬಾಲು ತಾನೇ," ಎಂದರು.

ನಾಚಿಕೆ ಬಿಟ್ಟು ನಾನೇ ಬಾಯಿ ತೆರೆದೆ. "ನಾನು ಮಾಡಬಹುದಲ್ಲ? ಮೂರು ವರ್ಷದಿಂದ ಪಟ್ಟಿ ಮಾಡಿ ಕೊಡುವುದು ನಾನೇ ಅಲ್ವಾ?"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳು ದೊಡ್ಡ ಮಾತಾಡಿದರೆ ನಗುತ್ತಾರಲ್ಲ, ಆ ನಗು. ಅದಕ್ಕೇ ಹೆಚ್ಚು ಉರಿಯಿತು. "ಅಯ್ಯೋ, ನೀವು ಮ್ಯಾನೇಜರಾದ್ರೆ ಸ್ಕೋರ್ ಬರ್ಯೋರು ಯಾರಮ್ಮ? ನಿಮ್ಮಷ್ಟು ನೀಟಾಗಿ ಯಾರಿಗೆ ಬರುತ್ತೆ?" ಎಂದರು ಯಜಮಾನರು. ಹಿತ್ತಲ ಗಿಡದ ಬಗ್ಗೆ ತೊಡೆ ತಟ್ಟಿದ ಮನುಷ್ಯ, ಅದೇ ಸೋಫಾದಲ್ಲಿ ಕೂತು! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನಾನು ನನ್ನ ಗಂಡನ ಮುಖ ನೋಡಿದೆ. ಅವರೂ ತಂಡದಲ್ಲಿದ್ದರು. ನಾನು ಪ್ರತಿ ಶನಿವಾರ ಅಡುಗೆಮನೆಯ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು ಕೂರುವುದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಅವರು ಕೋಡುಬಳೆಯೊಂದನ್ನು ಆರಿಸಿಕೊಳ್ಳುತ್ತಿದ್ದರು. ಇರುವ ಕೋಡುಬಳೆಯೆಲ್ಲ ಒಂದೇ ಥರದ್ದು, ಆದರೂ ಅವರಿಗೆ ಆರಿಸಿ ಮುಗಿಯಲಿಲ್ಲ.

ಸ್ಕೋರ್ ಪುಸ್ತಕವನ್ನು ಯಜಮಾನರ ಮುಖಕ್ಕೆ ಬಿಸಾಡಿ ಬರಬೇಕಿತ್ತು. ಬರಲಿಲ್ಲ. ಆಟ ಬಿಡಲು ನನ್ನಿಂದ ಆಗಲಿಲ್ಲ, ಅಷ್ಟೇ. ಮೊದಲ ಅಭ್ಯಾಸದ ದಿನ ಹೊಸ ಮ್ಯಾನೇಜರನನ್ನು ಕರೆದು ಹೇಳಿದೆ: "ನೋಡು, ಒಂದು ವಿಷಯ ನೆನಪಿಡು. ಇದು ಕ್ರಿಕೆಟ್ ಅಲ್ಲ. ಮ್ಯಾಚಿಗೆ ಮೊದಲು ಕೊಟ್ಟ ಬ್ಯಾಟಿಂಗ್ ಆರ್ಡರ್ ನಡುವಲ್ಲಿ ಹಿಂದೆಮುಂದೆ ಮಾಡ್ಲಿಕ್ಕೆ ಇಲ್ಲ."

"ಗೊತ್ತು ಅಕ್ಕ, ರೂಲ್‌ಬುಕ್ ಓದಿದೀನಿ. ನೀವು ಟೆನ್ಶನ್ ತಗೋಬೇಡಿ, ನೀವು ಆರಾಮಾಗಿ ಬರೀರಿ," ಎಂದ. ಹುಡುಗ ಒಳ್ಳೆಯವನೇ. ಅವನ ಮೇಲೆ ನನಗೆ ಆಗಲೂ ಅಷ್ಟು ಸಿಟ್ಟಿರಲಿಲ್ಲ.

ಆಗಸ್ಟಿನಲ್ಲಿ, ನಾವು ಆಡುತ್ತಿದ್ದ ಸ್ಥಳೀಯ ಲೀಗಿನಲ್ಲಿ, ಗೆದ್ದರೆ ಸೆಮಿಫೈನಲ್ ಎನ್ನುವ ಪಂದ್ಯ ಬಂತು. ಎರಡೂ ತಂಡಗಳಿಗೆ ಸೇರಿ ಅಧಿಕೃತ ಸ್ಕೋರರ್ ನಾನೇ. ಬೇಲಿಯ ಹಿಂದೆ ಸಣ್ಣ ಮೇಜು, ಅದರ ಮೇಲೆ ಪುಸ್ತಕ. ಕೊನೆಯ ಇನಿಂಗ್ಸು, ಒಂದು ಓಟ ಹಿಂದಿದ್ದೇವೆ, ಇಬ್ಬರು ಔಟಾಗಿದ್ದಾರೆ, ಮೂರನೆಯವರು ಔಟಾದರೆ ಆಟವೇ ಮುಗಿಯಿತು, ಎರಡು ಮತ್ತು ಮೂರನೇ ಬೇಸಿನಲ್ಲಿ ನಮ್ಮವರು ನಿಂತಿದ್ದಾರೆ. ಪಟ್ಟಿಯ ಪ್ರಕಾರ ಈಗ ಕೊನೆಯ ಸರದಿಯವರು ಬರಬೇಕು. ಅದು ನನ್ನ ಗಂಡ. ಹೊಡೆತ ಅಷ್ಟಕ್ಕಷ್ಟೇ, ಆದರೆ ಆ ಬೇಸಿಗೆಯಿಡೀ ಕೆಲಸ ಮುಗಿಸಿ ಬಂದು ಗ್ಯಾರೇಜಿನಲ್ಲಿ ಬ್ಯಾಟು ಬೀಸಿದ್ದರು. ಹೆಲ್ಮೆಟ್ ಹಾಕಿಕೊಂಡು ಎದ್ದರು.

ಮ್ಯಾನೇಜರ್ ಅವರ ಭುಜದ ಮೇಲೆ ಕೈಯಿಟ್ಟ. "ಸಾರ್, ನೀವು ನೆಕ್ಸ್ಟ್ ಹೋಗಿ. ಇವಾಗ ಬಿಗ್ ಹಿಟ್ಟರ್ ಬೇಕು." ಪಟ್ಟಿಯಲ್ಲಿ ಮೂರನೆಯವನಾಗಿದ್ದ ಮಂಡ್ಯದ ಆಜಾನುಬಾಹುವನ್ನು ಕಳಿಸಿದ. ಕ್ರಿಕೆಟಿನಲ್ಲಾದರೆ ಇದೇ ಜಾಣತನ. ನನ್ನ ಗಂಡ ಹೆಲ್ಮೆಟ್ ತೆಗೆದು ಕೂತರು.

ನಾನು ನೋಡಿದೆ. ಮೊದಲನೇ ಎಸೆತಕ್ಕೂ ಮುಂಚೆಯೇ ನೋಡಿದೆ. ಕೂಗಿದ್ದರೆ ಸಾಕಿತ್ತು, ಬದಲಾಯಿಸಲು ಸಮಯವಿತ್ತು. ಆದರೆ ಸರದಿ ತಪ್ಪಿದ್ದನ್ನು ಕಂಡರೂ ಸ್ಕೋರರ್ ಯಾವ ತಂಡಕ್ಕೂ ಸೂಚನೆ ಕೊಡಬಾರದೆಂಬುದು ನಿಯಮ. ನಿಯಮ ನನ್ನ ಬಾಯಿ ಕಟ್ಟಿತ್ತು. ಬೇಸ್‌ಮೆಂಟಿನ ಆ ನಗುವೂ ಕಟ್ಟಿತ್ತು ಎನ್ನದಿದ್ದರೆ ಸುಳ್ಳಾಗುತ್ತದೆ. ಪೆನ್ಸಿಲ್ ಗಟ್ಟಿಯಾಗಿ ಹಿಡಿದು ಕೂತೆ.

ಮಂಡ್ಯದವನು ಎರಡನೇ ಎಸೆತವನ್ನು ಎತ್ತಿ ಹೊಡೆದ. ಬೇಸಿನಲ್ಲಿದ್ದ ಇಬ್ಬರೂ ಓಡಿ ಬಂದರು, ಎರಡು ಓಟ. ನಮ್ಮವರು ಕುಣಿದರು, ಯಜಮಾನರು ಮ್ಯಾನೇಜರನನ್ನು ಅಪ್ಪಿಕೊಂಡರು. ಅಷ್ಟರಲ್ಲಿ ಎದುರು ತಂಡದ ನಾಯಕಿ ಅವಸರವಿಲ್ಲದೆ ಅಂಪೈರ್ ಬಳಿ ಹೋಗಿ ಏನೋ ಹೇಳಿದಳು. ಅಂಪೈರ್ ನನ್ನ ಮೇಜಿಗೆ ಬಂದ. ನಾನು ಪುಸ್ತಕವನ್ನು ಅವನ ಕಡೆ ತಿರುಗಿಸಿದೆ. ಆ ಹೊಡೆತ ಲೆಕ್ಕಕ್ಕಿಲ್ಲ, ಓಟಗಳೂ ಇಲ್ಲ, ಸರದಿಯಿದ್ದೂ ಬಾರದವನೇ ಔಟು. ಅಂದರೆ ನನ್ನ ಗಂಡ, ಬ್ಯಾಟು ಕೈಯಲ್ಲಿ ಹಿಡಿಯದೆಯೇ. ಅದು ಮೂರನೇ ಔಟು, ನಾವು ಸೋತೆವು. ಅವರ ಹೆಸರಿನ ಮುಂದೆ ಆ ಗುರುತು ಹಾಕಿದವಳು ನಾನೇ. ಅಷ್ಟು ನೀಟಾಗಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ನಿಮಗೆ ಗೊತ್ತಿತ್ತಲ್ಲಮ್ಮ! ಹೇಳೋದಲ್ವಾ?" ಎಂದು ಯಜಮಾನರು ಬೇಲಿಗೆ ಕೈಯಿಟ್ಟು ಕೂಗಿದರು.

"ಬರೀರಿ ಅಂದ್ರಿ ಸಾರ್, ಬರೆದೆ," ಎಂದೆ. ಪುಸ್ತಕ ಮುಚ್ಚಿ ಅವರ ಕೈಗೇ ಕೊಟ್ಟೆ. ಅದನ್ನು ಹೇಗೆ ಹಿಡಿಯಬೇಕೆಂದೂ ಅವರಿಗೆ ತಿಳಿಯಲಿಲ್ಲ.

ಕಾರು ಹೆದ್ದಾರಿ ಹತ್ತಿದ ಮೇಲೆ ನನ್ನ ಗಂಡ, ಮನೆಯಲ್ಲಿ ನಾವಾಡುವ ತುಳುವಿನಲ್ಲಿ, ಮೆಲ್ಲಗೆ ಕೇಳಿದರು, ನೀನು ನೋಡಿದ್ದೆಯಲ್ಲ, ಒಂದು ಮಾತು ಹೇಳಬಹುದಿತ್ತಲ್ಲ ಎಂದು. ಸಿಟ್ಟು ನೆತ್ತಿಗೇರಿದರೆ ನಾನು ತುಳು ಬಿಟ್ಟು ಕನ್ನಡಕ್ಕೆ ಬರುತ್ತೇನೆ, ಅದು ಅವರಿಗೂ ಗೊತ್ತು.

"ನನಗೆ ರೂಲ್ ಇತ್ತು, ಬಾಯಿ ತೆಗಿಲಿಕ್ಕೆ ಇರ್ಲಿಲ್ಲ," ಎಂದೆ. "ಆ ದಿನ ಬೇಸ್‌ಮೆಂಟಲ್ಲಿ ನಿಮಗೆ ಎಂತ ರೂಲ್ ಇತ್ತು?"

ಅವರು ರಸ್ತೆ ನೋಡಿಕೊಂಡು ಕಾರು ಓಡಿಸಿದರು.