ದೊಡ್ಡವ್ವನ ದನಿ, ಇನ್ನೊಬ್ಬಳ ಫೋಟೊ

ತೊಂಬತ್ತರ ದಶಕದಲ್ಲಿ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಎದುರು ಒಂದು ಕ್ಯಾಸೆಟ್ ಅಂಗಡಿ ಇತ್ತು. ಅದರ ಯಜಮಾನ ದೇವಸಮುದ್ರದಿಂದ ನಮ್ಮ ದೊಡ್ಡವ್ವನನ್ನು ಕರೆಸಿ, ಹಿಂದಿನ ಕೋಣೆಯಲ್ಲಿ ಕೂರಿಸಿ, ಇಡೀ ದಿನ ಸೋಬಾನೆ ಪದ ಹಾಡಿಸಿ ರೆಕಾರ್ಡು ಮಾಡಿಕೊಂಡ. ಕ್ಯಾಸೆಟ್ ಹೊರಬಂದಾಗ ಅದರ ಮೇಲಿದ್ದದ್ದು ಅವನ ಹೆಂಡತಿಯ ಫೋಟೊ. ಹಾಡಿದವರು ಅಂತ ಅಚ್ಚಾಗಿದ್ದದ್ದೂ ಅವಳ ಹೆಸರೇ.

"ಹೋಗ್ಲಿ ಬಿಡು, ಹಾಡೇನು ನಮ್ಮಪ್ಪನ ಆಸ್ತಿಯಾ?" ಅಂದಳು ದೊಡ್ಡವ್ವ. ಆಮೇಲೆ ಮದುವೆಮನೆಯಲ್ಲಿ ಅವಳು ಹಾಡಿದರೆ ಜನ, "ಕ್ಯಾಸೆಟ್ ಕೇಳಿ ಚೆನ್ನಾಗಿ ಕಲ್ತೀಯ ಕಣವ್ವ" ಅನ್ನತೊಡಗಿದರು. ಅವಳು ಬಾಯಿ ಮುಚ್ಚಿಕೊಂಡಳು. ಕುರಿಗಳ ಹಿಂದೆ ಹೋಗುವಾಗಲೂ ಗುನುಗುವುದನ್ನು ಬಿಟ್ಟಳು. ಅವಳು ಮರೆತರೂ ನಾನು ಮರೆಯುವ ಜಾತಿಯವನಲ್ಲ. ಬಸ್ಸಿನಲ್ಲಿ ಆ ಹಾಡು ಶುರುವಾದರೆ ಮೈಯೆಲ್ಲ ಉರಿದು, ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ.

ಸಿಡಿ ಬಂದ ಮೇಲೆ ಅಂಗಡಿ ಮುಚ್ಚಿತು, ಹಾಡೂ ಮೂಲೆ ಸೇರಿತು. ಆ ದನಿಯನ್ನು ಉಳಿಸಿಕೊಳ್ಳಬೇಕೆಂದು ನಾನು ಕ್ಯಾಸೆಟ್ ಹುಡುಕುತ್ತಾ ಅಲೆದೆ. ಕೊನೆಗೆ ಮೊಳಕಾಲ್ಮೂರಿನ ನೇಕಾರರ ಮನೆಯೊಂದರಲ್ಲಿ, ಮಗ್ಗದ ಪಕ್ಕದ ಗೂಡಿನಲ್ಲಿ ಸಿಕ್ಕಿತು. ಆ ಮನೆಯ ಅಜ್ಜಿಗೆ ಅದು ಪೂರ್ತಿ ಬಾಯಿಪಾಠ. ಹಾಡಿದ್ದು ನಮ್ಮ ದೊಡ್ಡವ್ವ ಅಂದರೆ ನಂಬಲಿಲ್ಲ. "ಫೋಟೊ ಐತಲ್ಲಪ್ಪ" ಅಂದಳು.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಆ ಕ್ಯಾಸೆಟ್ ಅಂಗಡಿ ಯಜಮಾನನ ಮಗನಿಗೆ ನಮ್ಮ ಚಿಕ್ಕಪ್ಪನ ಮಗಳನ್ನು ಕೇಳಿಕೊಂಡು ಬಂದರು. ಹುಡುಗ ಒಳ್ಳೆಯವನು, ಹುಡುಗಿಗೂ ಮನಸ್ಸಿತ್ತು. ಎಲ್ಲರಿಗಿಂತ ಮುಂದೆ ನಿಂತು ಓಡಾಡಿ ಸಂಬಂಧ ಕುದುರಿಸಿದ್ದು ನಾನೇ. ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ಹಾಡಿನಲ್ಲೇ ಬೈಯುತ್ತಾರೆ. ಬೀಗಿತ್ತಿ ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಯಾರೂ ಮುನಿಸಿಕೊಳ್ಳುವಂತಿಲ್ಲ. ಮೊಳಕಾಲ್ಮೂರಿನ ಅಜ್ಜಿಯನ್ನೂ ಮದುವೆಗೆ ಕರೆಸಿದ್ದೆ.

ಹೋಳಿಗೆ ಬಡಿಸುವ ಹೊತ್ತಿಗೆ ದೊಡ್ಡವ್ವನ ಕಿವಿಯಲ್ಲಿ, "ಇವತ್ತು ಹಾಡ್ತೀಯಾ?" ಅಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಬೀಗರ ಮೀಸೆಯಿಂದ ಶುರು ಮಾಡಿ, ಹೊಟ್ಟೆಗೆ ಇಳಿದು, ಬೀಗಿತ್ತಿಯ ಜಂಬಕ್ಕೆ ಬಂದಳು. ಎರಡನೇ ನುಡಿ ಮುಗಿಯುವುದರೊಳಗೆ ಅಜ್ಜಿ ಎಲೆಯ ಮುಂದೆಯೇ ಕೂಗಿದಳು: "ಅಯ್ಯಯ್ಯೋ, ಕ್ಯಾಸೆಟ್ಟಿನ ದನಿ ಇದೇ ಕಣ್ರೇ!"

ಪಂಕ್ತಿಯೆಲ್ಲ ಬೀಗಿತ್ತಿಯ ಕಡೆ ತಿರುಗಿತು. "ಹಾಡ್ರಿ, ಕ್ಯಾಸೆಟ್ಟಿನವ್ರು ನೀವಲ್ವಾ?" ಅಂತ ಹೆಂಗಸರು ಒತ್ತಾಯ ಹಚ್ಚಿದರು. ಅವಳು ಎಲೆಯಿಂದ ತಲೆ ಎತ್ತಲಿಲ್ಲ. "ಗಂಟ್ಲು ಸರಿಯಿಲ್ಲ" ಅಂದ ಗಂಡ.

ದೊಡ್ಡವ್ವ ಅವಳ ಎದುರಿಗೇ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಇಷ್ಟು ವರ್ಷ ನಿನ್ನ ಬಾಯಾಗೆ ನಾನು ಹಾಡೀನಿ. ಇವತ್ತೊಂದಿನ ನೀನೇ ಹಾಡವ್ವ."

ಯಾರೂ ಎಲೆ ಬಿಟ್ಟು ಏಳಲಿಲ್ಲ. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡು, ತುಪ್ಪವನ್ನೂ ಕೇಳಿದೆ.